ಇವತ್ತಿನ ಗೆರೆ

ಕುಡಿತ, ಗಾಂಜಾ, ಗುಟಕಾ. ಇವು ಕೆಟ್ಟ ಚಟಗಳು. ಚಟಕ್ಕೆ ಬಿದ್ದವರು ಹಣ ಕಳೆದುಕೊಳ್ಳುತ್ತಾರೆ. ಆರೋಗ್ಯ ಕಳೆದುಕೊಳ್ಳುತ್ತಾರೆ. ಕೊನೆಗೆ ತಮ್ಮ ಮೇಲಿನ ನಂಬಿಕೆಯನ್ನೂ ಕಳೆದುಕೊಳ್ಳುತ್ತಾರೆ. "ಬಿಡೂದು ನನ್ನ ಕಡೆಯಿಂದ ಆಗೂದಿಲ್ರಿ" ಅನ್ನುತ್ತಾರೆ.

ಹೋದ ನಂಬಿಕೆ ಮರಳಿ ಬರುತ್ತದೆಯೇ? ಬರುತ್ತದೆ. ಹೇಗೆ? ನೋಡೋಣ.

ನಮ್ಮ ನೆರೆಯ ಬಾಗಲಕೋಟೆ ಜಿಲ್ಲೆಯಲ್ಲಿ ಇಳಕಲ್ ಇದೆ. ಅಲ್ಲಿಯ ಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟರು. ಜೋಳಿಗೆಗೆ ಕಾಳು, ಹಣ ಹಾಕುವುದು ವಾಡಿಕೆ. ಇವರು ಅದನ್ನು ಕೇಳಲಿಲ್ಲ. ನಿಮ್ಮ ದುಶ್ಚಟಗಳನ್ನೇ ಭಿಕ್ಷೆ ಹಾಕಿರಿ ಎಂದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರು ಹುಟ್ಟಿದ ದಿನ ಆಗಸ್ಟ್ 1. ಅದನ್ನು ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸುತ್ತಾರೆ.

ಭಿಕ್ಷೆ ಹಾಕುವವನು ಕೊಡುವವನು. ಕುಡುಕ ಎಂದು ಬೈಸಿಕೊಂಡವನು ಜೋಳಿಗೆಯ ಮುಂದೆ ಕೊಡುವವನಾದ. ಅವನ ತಲೆ ಮೇಲೆದ್ದಿತು. ನಂಬಿಕೆಯ ಬೀಜ ಇದೇ.

ಬೀಜ ಬಿದ್ದರೆ ಸಾಲದು. ಮಸಗುಪ್ಪಿಯ ನಾವು ಕಬ್ಬು ನಾಟಿ ಮಾಡಿದ ಮರುದಿನವೇ ಕಡಿಯುತ್ತೇವೆಯೇ? ನೀರು ಬಿಡ್ತೇವಿ, ಕಳೆ ತೆಗೀತೇವಿ, ಕಾಯ್ತೇವಿ. ಇದೂ ಹಾಗೆಯೇ.

"ಜನ್ಮದಾಗ ಕುಡಿಯೂದಿಲ್ಲ" ಎಂಬುದು ದೊಡ್ಡ ಮಾತು. "ಇವತ್ತು ಕುಡಿಯೂದಿಲ್ಲ" ಎಂಬುದು ಸಣ್ಣ ಮಾತು. ಸಣ್ಣ ಮಾತನ್ನು ಉಳಿಸಿಕೊಳ್ಳಬಹುದು. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡಿತಗಾರರು ಒಬ್ಬರಿಗೊಬ್ಬರು ಆಸರೆಯಾಗಿ ಕುಡಿತದಿಂದ ದೂರ ಉಳಿದರು. ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘ ಹುಟ್ಟಿದ್ದು ಹೀಗೆ. ಒಂದೊಂದೇ ದಿನ ದಾಟುವುದು ಅವರ ದಾರಿಯೂ ಹೌದು.

ಈಗ ನಿಮಗೆ ಬರೆಯಲು ಬರುತ್ತದೆ. ಕುಡಿಯದ ದಿನ ಸಂಜೆ ತಾರೀಖು ಬರೆದು ಒಂದು ಗೆರೆ ಎಳೆಯಿರಿ. ಹತ್ತು ಗೆರೆಯಾದಾಗ ಎಣಿಸಿರಿ. ನಿಮ್ಮಿಂದ ಆಗುತ್ತದೆ ಎಂಬುದಕ್ಕೆ ಆ ಗೆರೆಗಳೇ ಸಾಕ್ಷಿ.

ಮನೆಯವರೇ, ಹಳೆಯದನ್ನು ಎತ್ತಿ ಆಡಬೇಡಿರಿ. ಸಣ್ಣ ಕೆಲಸ ನಂಬಿ ಕೊಡಿರಿ. ಡೇರಿಗೆ ಹಾಲು ಹಾಕಿ ಬರಲಿ. ಮಗುವನ್ನು ಸಾಲಿಗೆ ಬಿಟ್ಟು ಬರಲಿ. ನಾವು ನಂಬಿದರೆ ಅವರೂ ತಮ್ಮನ್ನು ನಂಬುತ್ತಾರೆ.

ಒಮ್ಮೆ ಜಾರಿದರೆ? "ಎಲ್ಲಾ ಮುಗೀತು" ಅನ್ನಬೇಡಿರಿ. ಚಟ ಒಂದು ಕಾಯಿಲೆ. ಕಾಯಿಲೆ ಮರುಕಳಿಸುವುದುಂಟು. ಹಳೆಯ ಗೆರೆಗಳು ಅಳಿಯುವುದಿಲ್ಲ. ಮರುದಿನ ಮತ್ತೆ ಎಳೆಯಿರಿ.

ಒಂದು ಎಚ್ಚರಿಕೆ. ದಿನವೂ ಬಹಳ ಕುಡಿಯುವವರು ಒಮ್ಮೆಲೇ ಬಿಟ್ಟರೆ ಕೈ ನಡುಗಬಹುದು, ಫಿಟ್ಸ್ ಬರಬಹುದು. ಜೀವಕ್ಕೇ ಅಪಾಯ. ಆದ್ದರಿಂದ ವೈದ್ಯರನ್ನು ಕೇಳಿಯೇ ಬಿಡಬೇಕು. 14446ಕ್ಕೆ ಫೋನ್ ಮಾಡಿದರೆ ಸಲಹೆ ಸಿಗುತ್ತದೆ. ಅದಕ್ಕೆ ಹಣ ಬೇಕಿಲ್ಲ.

ಕೇಳಲು ನಾಚಿಕೆ ಬೇಡ. ಸಹಾಯ ಕೇಳುವವನು ಸೋತವನಲ್ಲ, ಗೆಲ್ಲಲು ಹೊರಟವನು.