ಅರಿವನ್ನು ಮರೆಸಿ ಮರಳಿಸುವ ಅನಿಲ

ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆಗಬೇಕೆಂದರೆ ನಮ್ಮನ್ನು ಕಾಡುವ ಭಯ ಕತ್ತಿಯದಷ್ಟೇ ಅಲ್ಲ. 'ಪ್ರಜ್ಞೆ ತಪ್ಪಿಸಿದ ಮೇಲೆ ಮತ್ತೆ ಎಚ್ಚರವಾಗುವುದೇ?' ಎಂಬುದೂ ಹೌದು. ಇದಕ್ಕೆ ಉತ್ತರ, ಅರಿವಳಿಕೆಯ ಅಣುಗಳು ಮಿದುಳಿನಲ್ಲಿ ನೆಲೆಗೊಳ್ಳುವ ರೀತಿಯಲ್ಲೇ ಅಡಗಿದೆ.

1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯರು ರೋಗಿಗೆ ಈಥರಿನ ಆವಿಯನ್ನು ಉಸಿರಾಡಿಸಿ, ನೋವಿನ ಕೂಗಿಲ್ಲದೆ ಶಸ್ತ್ರಚಿಕಿತ್ಸೆ ಸಾಧ್ಯವೆಂದು ಎಲ್ಲರೆದುರು ತೋರಿಸಿದರು. ಆದರೆ ಆ ಆವಿ ದೇಹದೊಳಗೆ ಮಾಡುವುದೇನು?

1900ರ ಸುಮಾರಿಗೆ ಮೇಯರ್ ಮತ್ತು ಓವರ್ಟನ್ ಎಂಬ ವಿಜ್ಞಾನಿಗಳು, ಆಲಿವ್ ಎಣ್ಣೆಯಲ್ಲಿ ಹೆಚ್ಚು ಕರಗುವ ಅರಿವಳಿಕೆ ಹೆಚ್ಚು ಪ್ರಬಲವೆಂದು ಕಂಡುಕೊಂಡರು. ಆದ್ದರಿಂದ ಅದು ನರಕೋಶದ ಪೊರೆಯ ಕೊಬ್ಬಿನಲ್ಲಿ ಕರಗಿ ಕೆಲಸ ಮಾಡುತ್ತದೆಂದು ಬಹುಕಾಲ ನಂಬಲಾಗಿತ್ತು. 1984ರಲ್ಲಿ ಲಂಡನಿನ ಫ್ರಾಂಕ್ಸ್ ಮತ್ತು ಲೀಬ್, ಮಿಣುಕುಹುಳದ ಬೆಳಕಿಗೆ ಕಾರಣವಾದ ಪ್ರೋಟೀನನ್ನು ಬೇರ್ಪಡಿಸಿ ಪರೀಕ್ಷಿಸಿದರು. ಅರಿವಳಿಕೆ ಬೆರೆಸಿದಾಗ ಬೆಳಕು ಕುಂದಿತು. ಅಲ್ಲಿ ಕೊಬ್ಬೇ ಇರಲಿಲ್ಲ! ಅಂದರೆ ಅರಿವಳಿಕೆ ಪ್ರೋಟೀನನ್ನೇ ನೇರವಾಗಿ ತಟ್ಟಬಲ್ಲದು.

ಪ್ರೋಟೀನುಗಳ ಮಡಿಕೆಗಳಲ್ಲಿ ನೀರನ್ನು ಒಲ್ಲದ ಪುಟ್ಟ ಪೊಳ್ಳುಗಳಿರುತ್ತವೆ. ಎಣ್ಣೆಯನ್ನು ಮೆಚ್ಚುವ ಅರಿವಳಿಕೆಯ ಅಣುಗಳಿಗೆ ಅವು ಒಗ್ಗುವ ಜಾಗ. ನರಕೋಶದ 'ಗಾಬಾ' ಗ್ರಾಹಕ ಅಂಥ ಒಂದು ಪ್ರೋಟೀನು. ಅದೊಂದು ಬಾಗಿಲು, ತೆರೆದಾಗ ಕ್ಲೋರೈಡ್ ಅಯಾನುಗಳು ಒಳನುಗ್ಗಿ ನರಕೋಶವನ್ನು ಶಾಂತಗೊಳಿಸುತ್ತವೆ. ಐಸೋಫ್ಲುರೇನ್, ಸೆವೋಫ್ಲುರೇನ್ ಅಣುಗಳು ಅಲ್ಲಿ ಸೇರಿದರೆ ಬಾಗಿಲು ಹೆಚ್ಚು ಹೊತ್ತು ತೆರೆದಿರುತ್ತದೆ. ಎಲ್ಲ ಅನಿಲಗಳಿಗೂ ಇದೊಂದೇ ಗುರಿಯಲ್ಲ. ನೈಟ್ರಸ್ ಆಕ್ಸೈಡ್ ಮುಖ್ಯವಾಗಿ ಬೇರೊಂದು ಗ್ರಾಹಕವನ್ನು ತಡೆಯುತ್ತದೆ.

ಈ ಹಿಡಿತ ಬಲು ಸಡಿಲವಾದದ್ದು. ಬಸ್ ನಿಲ್ದಾಣದ ಬೆಂಚನ್ನು ನೆನೆಯಿರಿ. ಕುಳಿತವರು ಏಳುತ್ತಾರೆ, ಬೇರೆಯವರು ಕೂರುತ್ತಾರೆ. ಜನ ಬರುತ್ತಿರುವವರೆಗೆ ಬೆಂಚು ತುಂಬಿರುತ್ತದೆ. ಬರುವುದು ನಿಂತರೆ ಬರಿದಾಗುತ್ತದೆ. ಹಾಗೆಯೇ ಅನಿಲವನ್ನು ನಿಲ್ಲಿಸಿದೊಡನೆ ಅಣುಗಳು ಪೊಳ್ಳುಗಳನ್ನು ಬಿಟ್ಟು, ರಕ್ತ ಸೇರಿ, ಬಹುಪಾಲು ಉಸಿರಿನೊಡನೆ ಹೊರಬೀಳುತ್ತವೆ. ರೋಗಿ ಎಚ್ಚರಗೊಳ್ಳುತ್ತಾನೆ.

ಆದರೆ ಪ್ರಮಾಣ ಮೀರಿದರೆ ಇದೇ ಅನಿಲ ಉಸಿರಾಟವನ್ನೂ ಹೃದಯವನ್ನೂ ಕುಗ್ಗಿಸುತ್ತದೆ. ಅದಕ್ಕೇ ಅರಿವಳಿಕೆ ವೈದ್ಯರು ಕೊನೆಯವರೆಗೂ ರೋಗಿಯ ಬಳಿಯಲ್ಲೇ ಇರುತ್ತಾರೆ. ನಾವೂ ಎರಡು ಮಾತು ಮರೆಯಬಾರದು. ವೈದ್ಯರು ಹೇಳಿದಷ್ಟು ಹೊತ್ತು ರೋಗಿಗೆ ಏನನ್ನೂ ತಿನ್ನಿಸಬಾರದು. ಪ್ರಜ್ಞೆಯಿಲ್ಲದಾಗ ಹೊಟ್ಟೆಯಲ್ಲಿದ್ದುದು ಶ್ವಾಸಕೋಶಕ್ಕೆ ಇಳಿಯುವ ಅಪಾಯವುಂಟು. ಮನೆತನದಲ್ಲಿ ಯಾರಿಗಾದರೂ ಹಿಂದೆ ಅರಿವಳಿಕೆಯಿಂದ ತೊಂದರೆಯಾಗಿದ್ದರೆ ಮುಚ್ಚಿಡದೆ ತಿಳಿಸಬೇಕು. ಅಂಥ ಕೆಲವು ದೋಷಗಳು ವಂಶಪಾರಂಪರ್ಯವಾಗಿ ಬರುತ್ತವೆ. ತಿಳಿದು ನಡೆದರೆ ಭಯ ಅರ್ಧ ಕಳೆದಂತೆ.