ಏಕದಳ ಬೆಳೆಗಳ ವಂಶವಾಹಿಗಳ ಭಾಷೆ

ಹುಕ್ಕೇರಿ, ಗೋಕಾಕ ಮತ್ತು ಮೂಡಲಗಿ ಭಾಗದ ಘಟಪ್ರಭಾ ನೀರಾವರಿ ಜಮೀನುಗಳಲ್ಲಿ ಕಬ್ಬು ಮತ್ತು ಗೋವಿನಜೋಳ ಮುಖ್ಯ ಬೆಳೆಗಳಾಗಿವೆ. 2018ರಲ್ಲಿ ಭಾರತದಲ್ಲಿ ಮೊದಲ ಬಾರಿಗೆ, ಕರ್ನಾಟಕದಲ್ಲಿಯೇ, ಕಂಡುಬಂದ ಫಾಲ್ ಸೈನಿಕ ಹುಳು ಗೋವಿನಜೋಳದ ಸುಳಿಯನ್ನು ತಿಂದು ಬೆಳೆ ಹಾಳುಮಾಡುತ್ತದೆ. ಹತ್ತಿಗೆ ಬಿ.ಟಿ. ಬೀಜ ಇರುವಾಗ ಅದೇ ಗುಣವನ್ನು ಗೋವಿನಜೋಳಕ್ಕೂ ಹಾಗೆಯೇ ತರಬಾರದೇಕೆ ಎಂಬ ಪ್ರಶ್ನೆ ರೈತರಲ್ಲಿ ಏಳುವುದು ಸಹಜ. ಉತ್ತರದ ಒಂದು ಭಾಗ ವಂಶವಾಹಿಗಳ ಬರವಣಿಗೆಯಲ್ಲಿದೆ.

ಒಂದೇ ಅರ್ಥ, ಹಲವು ಪದ

ವಂಶವಾಹಿಯು ಎ, ಟಿ, ಜಿ, ಸಿ ಎಂಬ 4 ಅಕ್ಷರಗಳಲ್ಲಿ ಬರೆದ ಆದೇಶವಿದ್ದಂತೆ. ಮೂರು ಅಕ್ಷರಗಳ ಒಂದೊಂದು ಪದಕ್ಕೆ ಕೋಡಾನ್ ಎನ್ನುತ್ತಾರೆ. ಒಟ್ಟು 64 ಕೋಡಾನ್‌ಗಳಲ್ಲಿ 61 ಕೋಡಾನ್‌ಗಳು 20 ಅಮೈನೋ ಆಮ್ಲಗಳನ್ನು ಸೂಚಿಸುತ್ತವೆ. ಉಳಿದ 3 ನಿಲುಗಡೆಯ ಗುರುತುಗಳು. ಅಮೈನೋ ಆಮ್ಲಗಳು ಸೇರಿ ಸಸಾರಜನಕವಾಗುತ್ತದೆ. ಗ್ಲೈಸಿನ್ ಎಂಬ ಅಮೈನೋ ಆಮ್ಲವನ್ನು ಜಿಜಿಎ, ಜಿಜಿಟಿ, ಜಿಜಿಜಿ, ಜಿಜಿಸಿ ಎಂದು ನಾಲ್ಕು ಬಗೆಯಲ್ಲಿ ಬರೆಯಬಹುದು. ಬೆಳಗಾವಿಯ ಗೋವಿನಜೋಳವನ್ನೇ ಮೈಸೂರು ಕಡೆ ಮುಸುಕಿನಜೋಳ ಎನ್ನುವಂತೆ ಇದು. ಪದ ಬೇರೆ, ಕಾಳು ಒಂದೇ.

ಹುಲ್ಲು ಜಾತಿಯ ರೂಢಿ

ಭತ್ತ, ಗೋಧಿ, ಜೋಳ, ಗೋವಿನಜೋಳ, ಕಬ್ಬು ಇವೆಲ್ಲ ಹುಲ್ಲಿನ ಕುಟುಂಬದವು. ಇವುಗಳ ಅನೇಕ ವಂಶವಾಹಿಗಳಲ್ಲಿ ಕೋಡಾನಿನ ಮೂರನೆಯ ಅಕ್ಷರ ಹೆಚ್ಚಾಗಿ ಜಿ ಅಥವಾ ಸಿ ಆಗಿರುತ್ತದೆ. ಈ ಒಲವು ವಂಶವಾಹಿಯ ಆರಂಭದಲ್ಲಿ ಹೆಚ್ಚು, ತುದಿಯ ಕಡೆಗೆ ಕಡಿಮೆ. ಆದರೆ ಎಲ್ಲ ವಂಶವಾಹಿಗಳೂ ಹೀಗಿಲ್ಲ. ಇನ್ನೊಂದು ಗುಂಪು ದ್ವಿದಳ ಸಸ್ಯಗಳ ವಂಶವಾಹಿಗಳನ್ನು ಹೋಲುತ್ತದೆ. ದ್ವಿದಳ ಸಸ್ಯಗಳಲ್ಲಿ ಎ ಮತ್ತು ಟಿ ಬಳಕೆ ಹೆಚ್ಚು.

ಬಿ.ಟಿ. ವಂಶವಾಹಿಯ ತಿದ್ದುಪಡಿ

ಬಿ.ಟಿ. ವಂಶವಾಹಿ ಮಣ್ಣಿನ ದುಂಡಾಣುವಿನದು. ಅದರಲ್ಲಿ ಜಿ ಮತ್ತು ಸಿ ಸುಮಾರು ಶೇ. 38 ಮಾತ್ರ. ಅದನ್ನು ಇದ್ದಂತೆಯೇ ಸಸ್ಯಕ್ಕೆ ಸೇರಿಸಿದಾಗ, ಅದರೊಳಗಿನ ಕೆಲವು ಅಕ್ಷರಸಾಲುಗಳನ್ನು ಸಸ್ಯದ ಜೀವಕೋಶ ಮುಕ್ತಾಯದ ಗುರುತೆಂದು ತಪ್ಪಾಗಿ ತಿಳಿಯುತ್ತದೆ. ಆದ್ದರಿಂದ ಕೀಟನಾಶಕ ಸಸಾರಜನಕ ಅತಿ ಕಡಿಮೆ ತಯಾರಾಗುತ್ತದೆ. ಅರ್ಥ ಕೆಡದಂತೆ ಪದಗಳನ್ನು ಬದಲಿಸಿದಾಗ ತಂಬಾಕು ಮತ್ತು ಟೊಮೆಟೊ ಗಿಡಗಳಲ್ಲಿ ಉತ್ಪಾದನೆ 100 ಪಟ್ಟಿನವರೆಗೆ ಏರಿದ್ದು 1991ರಲ್ಲಿ ವರದಿಯಾಯಿತು. 1993ರಲ್ಲಿ ಅಮೆರಿಕದಲ್ಲಿ ವರದಿಯಾದ ಬಿ.ಟಿ. ಗೋವಿನಜೋಳದ ವಂಶವಾಹಿಯನ್ನು ಆ ಬೆಳೆಯ ರೂಢಿಯಂತೆ ಪುನಃ ಬರೆಯಲಾಗಿತ್ತು. ಜಿ ಮತ್ತು ಸಿ ಪ್ರಮಾಣ ಶೇ. 65ಕ್ಕೆ ಏರಿತ್ತು.

ರೈತರು ಗಮನಿಸಬೇಕಾದುದು

ಭಾರತದಲ್ಲಿ 2002ರಿಂದ ಬಿ.ಟಿ. ಹತ್ತಿಗೆ ಅನುಮತಿಯಿದೆ, ಬಿ.ಟಿ. ಗೋವಿನಜೋಳದ ಬೇಸಾಯಕ್ಕೆ ಅನುಮತಿಯಿಲ್ಲ. ಅಲ್ಲದೆ ಹತ್ತಿಯಲ್ಲಿ ಮೊದಲು ಬಳಸಿದ ಬಿ.ಟಿ. ಸಸಾರಜನಕ ಫಾಲ್ ಸೈನಿಕ ಹುಳುವಿನ ಮೇಲೆ ಅಷ್ಟು ಪರಿಣಾಮಕಾರಿಯಲ್ಲ. ಆದ್ದರಿಂದ ಬಿ.ಟಿ. ಎಂದು ಹೇಳಿ ಮಾರುವ ಗೋವಿನಜೋಳದ ಬೀಜವನ್ನು ಕೊಳ್ಳಬಾರದು. ಹೈಬ್ರಿಡ್ ಬೇರೆ, ಬಿ.ಟಿ. ಬೇರೆ ಎಂಬುದು ನೆನಪಿರಲಿ. ಚೀಲದ ಮೇಲಿನ ಚೀಟಿಯನ್ನು ಓದಿ, ರಸೀದಿ ಪಡೆದು ಕಾಯ್ದಿಡಬೇಕು.

ಸದ್ಯಕ್ಕೆ ಹೊಲದ ಕಾವಲೇ ಮುಖ್ಯ. ಬೆಳೆ ಎಳೆಯದಿರುವಾಗಲೇ ವಾರಕ್ಕೆರಡು ಸಲ ಸುಳಿಗಳನ್ನು ಪರೀಕ್ಷಿಸಿ, ಮೊಟ್ಟೆಯ ಗುಂಪುಗಳನ್ನು ಆರಿಸಿ ನಾಶಪಡಿಸಬೇಕು. ಹುಳು ಸಣ್ಣದಿರುವಾಗಲೇ ಒಂದು ಲೀಟರ್ ನೀರಿಗೆ 0.4 ಗ್ರಾಂ ಎಮಾಮೆಕ್ಟಿನ್ ಬೆಂಜೋಯೇಟ್ 5 ಎಸ್.ಜಿ. ಬೆರೆಸಿ ಸುಳಿಗೆ ತಲುಪುವಂತೆ ಸಿಂಪಡಿಸಬೇಕು.