ವಿಶ್ವಾಸ ಸಂಗ್ರಹ: ನಾವು ಕೊಡುವ ಉತ್ತರ



ಪಾಸ್ಖ ಜಾಗರಣೆಯ ರಾತ್ರಿ ಉರಿಯುವ ಮೇಣದಬತ್ತಿ ಹಿಡಿದು ನಾವು ಗುರುಗಳ ಪ್ರಶ್ನೆಗಳಿಗೆ ಉತ್ತರಿಸುತ್ತೇವೆ. ವಿಶ್ವಾಸ ಸಂಗ್ರಹದ ಮೂಲ ಇಲ್ಲಿಯೇ ಇದೆ. ಆದಿ ಧರ್ಮಸಭೆಯಲ್ಲಿ ದೀಕ್ಷಾಸ್ನಾನಕ್ಕೆ ನೀರಿಗಿಳಿದವರನ್ನು ಪಿತ, ಸುತ, ಪವಿತ್ರಾತ್ಮರ ಕುರಿತು ಮೂರು ಬಾರಿ ಕೇಳುತ್ತಿದ್ದರು. 'ವಿಶ್ವಾಸಿಸುತ್ತೇನೆ' ಎಂದಾಗಲೆಲ್ಲ ನೀರಿನಲ್ಲಿ ಮುಳುಗಿಸುತ್ತಿದ್ದರು.

ಮುಂದೆ ಅಲೆಕ್ಸಾಂಡ್ರಿಯದ ಗುರು ಆರಿಯಸ್, ಸುತನೂ ಸೃಷ್ಟಿಯೇ ಎಂದು ಬೋಧಿಸಿದನು. ಶಿಲುಬೆಯ ಮೇಲೆ ಪ್ರಾಣ ಕೊಟ್ಟವರು ಬರೀ ಸೃಷ್ಟಿಯಾಗಿದ್ದರೆ, ದೇವರ ಜೀವವನ್ನು ನಮಗೆ ಕೊಡಲು ಅವರಿಂದಾದೀತೇ? 325ರಲ್ಲಿ ನಿಸೇಯದಲ್ಲಿ ಕೂಡಿದ ಧರ್ಮಾಧ್ಯಕ್ಷರು, ಸುತನು ಪಿತನೊಡನೆ ಏಕಸ್ವರೂಪಿ ಎಂದು ಸಾರಿದರು. 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆ ಪವಿತ್ರಾತ್ಮರ ಕುರಿತ ಭಾಗವನ್ನು ವಿಸ್ತರಿಸಿತು.

ನಾವು ಹಸುಳೆಗಳಾಗಿದ್ದಾಗ ಹೆತ್ತವರೂ ಜ್ಞಾನ ತಂದೆತಾಯಿಯರೂ ಈ ಪ್ರಶ್ನೆಗಳಿಗೆ ಉತ್ತರಿಸಿದರು. ಈಗ ಪ್ರತಿ ಭಾನುವಾರ ನಾವೇ ಉತ್ತರಿಸಬೇಕು. ಬಾಯಿಪಾಠದ ಅವಸರ ಬಿಟ್ಟು, ಮಕ್ಕಳಿಗೂ ಕೇಳಿಸುವಂತೆ ಮನಸಾರೆ ಹೇಳೋಣ.